ವೇದಿಕೆಗೆ ಕರೆಯುವ ಮೊದಲು: ಸೇವಾ ಸಂಸ್ಥೆಗಳಿಗೊಂದು ಬಹಿರಂಗ ಪತ್ರ

ಸೇವಾ ಸಂಘ ಸಂಸ್ಥೆಗಳ ಅಧ್ಯಕ್ಷರಿಗೆ, ಕಾರ್ಯದರ್ಶಿಗಳಿಗೆ, ಮುಖ್ಯವಾಗಿ ಖಜಾಂಚಿಗಳಿಗೆ. ಜೊತೆಗೆ, ‘ಬಿಡುವಾದಾಗ ನಾನೂ ಏನಾದ್ರೂ ಸೇವೆ ಮಾಡಬೇಕು’ ಅಂದುಕೊಂಡಿರುವ ಎಲ್ಲರಿಗೆ.

ನಮಸ್ಕಾರ.

ವಿಶ್ವಸಂಸ್ಥೆ ಈ ವರ್ಷವನ್ನು, ಅಂದರೆ 2026ನ್ನು, ಸ್ವಯಂಸೇವಕರ ಅಂತರರಾಷ್ಟ್ರೀಯ ವರ್ಷ ಎಂದು ಸಾರಿದೆ. 2001ರಲ್ಲೂ ಇಂಥದ್ದೊಂದು ವರ್ಷ ಬಂದು ಹೋಗಿತ್ತು. ಡಿಸೆಂಬರ್ 5 ಅಂತೂ 1985ರಿಂದಲೇ ಸ್ವಯಂಸೇವಕರ ದಿನ. ಹಾಗಾಗಿ ಈ ಸಲ ಸನ್ಮಾನಗಳಿಗೆ ಬರವಿಲ್ಲ. ಆಮಂತ್ರಣ ಪತ್ರಿಕೆ ಅಚ್ಚಿಗೆ ಹೋಗಿದೆ, ಫಲಕಕ್ಕೆ ಮುಂಗಡ ಕೊಟ್ಟಾಗಿದೆ, ಮುಖ್ಯ ಅತಿಥಿಗಳು ಒಪ್ಪಿದ್ದಾರೆ. ‘ಎಲೆಮರೆಯ ಕಾಯಿ’ ಅನ್ನುವ ಮಾತು ಎಷ್ಟು ಸಲ ಕೇಳಬೇಕಾಗುತ್ತದೋ ಗೊತ್ತಿಲ್ಲ.

ನಾನು ಒಂದು ಸಣ್ಣ ಗುಂಪಿನಲ್ಲಿ ಪಾಳಿ ಪಟ್ಟಿ ಬರೆಯುವವನು. ಯಾರು ಯಾವತ್ತು ಎಲ್ಲಿಗೆ ಹೋಗಬೇಕು, ಯಾರಿಗೆ ಆಗುವುದಿಲ್ಲ, ಅವರ ಬದಲು ಯಾರು, ಇಷ್ಟೇ ನನ್ನ ಕೆಲಸ. ದೊಡ್ಡದೇನಲ್ಲ. ಆದರೆ ಪಟ್ಟಿ ಬರೆಯುವವನಿಗೆ ಒಂದು ವಿಷಯ ಚೆನ್ನಾಗಿ ಗೊತ್ತಿರುತ್ತದೆ. ಬರ್ತೀನಿ ಅನ್ನುವವರು ಯಾರು, ಬರುವವರು ಯಾರು ಅಂತ.

ಆ ತಿಳಿವಳಿಕೆಯ ಮೇಲೆ ನಿಮ್ಮಲ್ಲಿ ಒಂದು ಕೋರಿಕೆ. ಸನ್ಮಾನ ಸ್ವಲ್ಪ ಕಡಿಮೆ ಮಾಡಿ. ಕೆಲಸದಲ್ಲಿ ಪಾಲು ತೆಗೆದುಕೊಳ್ಳಿ. ಯಾಕೆ ಅಂತ ಹೇಳುತ್ತೇನೆ.

ನಾವು ಹೋಗುವ ರಕ್ತದಾನ ಶಿಬಿರಗಳಿಗೆ ಒಬ್ಬ ಅಮ್ಮ ಬರುತ್ತಾರೆ. ಹೆಸರು ಬರೀಬೇಡ ಅಂದಿದ್ದಾರೆ, ಹಾಗಾಗಿ ಅಮ್ಮ ಅಂತಲೇ ಕರೆಯುತ್ತೇನೆ. ಸೂಜಿ ಚುಚ್ಚುವುದು, ಚೀಲ ತುಂಬುವುದನ್ನು ನೋಡಿಕೊಳ್ಳುವುದು ತರಬೇತಿ ಆದವರ ಕೆಲಸ. ಅಮ್ಮನ ಕೆಲಸ ಶುರುವಾಗುವುದು ಅದಾದ ಮೇಲೆ. ರಕ್ತ ಕೊಟ್ಟವರು ಎದ್ದು ಬಂದು ಹತ್ತು ಹದಿನೈದು ನಿಮಿಷ ಕೂರಬೇಕಲ್ವಾ, ಆ ಕುರ್ಚಿಗಳ ಹತ್ತಿರ ಇರುವುದು ಅವರ ಪಾಳಿ. ನೋಡಿದವರಿಗೆ ಸುಮ್ನೆ ನಿಂತ ಹಾಗೆ ಕಾಣುತ್ತದೆ. ಒಬ್ಬರಿಗೆ ನೀರು ಕೊಡುತ್ತಾರೆ, ಇನ್ನೊಬ್ಬರ ಹತ್ತಿರ ಅದೂ ಇದೂ ಮಾತಾಡುತ್ತಾರೆ, ಅಷ್ಟೇ.

ಆದರೆ ಅವರ ಕಣ್ಣು ಎಲ್ಲಿರುತ್ತದೆ ಅಂತ ಪಕ್ಕದಲ್ಲಿ ನಿಂತು ನೋಡಬೇಕು. ಮಲಗಿದ್ದಾಗ ಆರಾಮಾಗಿದ್ದವರು ಎದ್ದು ನಿಂತ ಮೇಲೆ ರಕ್ತದೊತ್ತಡ ಇಳಿದು ಕುಸಿಯುವುದುಂಟು. ಮೊದಲ ಸಲ ಕೊಡುವ ಹುಡುಗ ಹುಡುಗಿಯರಲ್ಲಿ ಇದು ಜಾಸ್ತಿ. ಬೀಳುವ ಮೊದಲು ದೇಹ ಸುಳಿವು ಕೊಡುತ್ತದೆ. ಆಕಳಿಕೆ ಬರುತ್ತದೆ. ಮೇಲ್ತುಟಿಯ ಮೇಲೆ ಬೆವರು ಮೂಡುತ್ತದೆ. ಮುಖ ಬಿಳಿಚುತ್ತದೆ. ಗಲಗಲ ಮಾತಾಡುತ್ತಿದ್ದವನು ಇದ್ದಕ್ಕಿದ್ದಂತೆ ಸುಮ್ಮನಾಗುತ್ತಾನೆ. ಅಮ್ಮ ಮಾತಾಡಿಸುವುದೇ ಅದಕ್ಕೆ, ಉತ್ತರ ಯಾವಾಗ ನಿಧಾನವಾಗುತ್ತದೆ ಅಂತ ನೋಡೋಕೆ. ಅನುಮಾನ ಬಂದರೆ ಕೂಡಲೇ ನೆಲದ ಮೇಲೆ ಮಲಗಿಸಿ, ಕಾಲು ಎತ್ತಿ ಕುರ್ಚಿಯ ಮೇಲಿಟ್ಟು, ನರ್ಸನ್ನು ಕರೆಯುತ್ತಾರೆ. ಯಾರಾದರೂ ಶೌಚಾಲಯಕ್ಕೆ ಹೊರಟರೆ ‘ಚಿಲಕ ಹಾಕ್ಬೇಡಪ್ಪ, ನಾನಿಲ್ಲೇ ಇರ್ತೀನಿ’ ಅಂತ ಹೇಳಿ ಹೊರಗೆ ನಿಲ್ಲುತ್ತಾರೆ. ಒಳಗೆ ಚಿಲಕ ಹಾಕಿಕೊಂಡು ಬಿದ್ದರೆ ತೆಗೆಯುವವರು ಯಾರು?

ಒಂದು ಶಿಬಿರದಲ್ಲಿ ಕೆಲಸದ ನಡುವೆಯೇ ಸನ್ಮಾನ ಇಟ್ಟಿದ್ದರು. ಮುಖ್ಯ ಅತಿಥಿಗಳಿಗೆ ಬೇರೆ ಕಡೆ ಹೋಗಬೇಕಿತ್ತಂತೆ. ಕಾರ್ಯದರ್ಶಿಗಳು ಓಡಿ ಬಂದರು.

‘ಅಮ್ಮಾ, ಬನ್ನಿ ಬನ್ನಿ, ಮೈಕಿನಲ್ಲಿ ನಿಮ್ಮ ಹೆಸರು ಕೂಗ್ತಿದ್ದಾರೆ.’

‘ಇಲ್ಲಿ ಕುರ್ಚಿ ಹತ್ರ ಯಾರಿರ್ತಾರೆ?’

‘ಐದೇ ನಿಮಿಷ ಅಮ್ಮಾ.’

‘ಬೀಳೋಕೆ ಐದು ನಿಮಿಷ ಬೇಕಾ ಸ್ವಾಮಿ?’

ಅವರು ಹೋಗಲಿಲ್ಲ. ಅವರ ಪರವಾಗಿ ಯಾರೋ ಫಲಕ ತೆಗೆದುಕೊಂಡರು. ಚಪ್ಪಾಳೆಯೂ ಆಯಿತು. ಆ ಕಾರ್ಯದರ್ಶಿಗಳ ಮೇಲೆ ನನಗೆ ಕೋಪವಿಲ್ಲ, ಒಳ್ಳೆಯ ಮನುಷ್ಯ. ಆದರೆ ವೇದಿಕೆಯ ಮೇಲೆ ಕೂತಿದ್ದ ಅಷ್ಟು ಜನರಲ್ಲಿ ಒಬ್ಬರಿಗೂ ‘ನೀವು ಹೋಗಿ ಬನ್ನಿ, ಅಷ್ಟು ಹೊತ್ತು ನಾನು ನಿಂತಿರ್ತೀನಿ’ ಅನ್ನಬೇಕು ಅನಿಸಲಿಲ್ಲ. ನಾನು ಈ ಪತ್ರ ಬರೆಯುತ್ತಿರುವುದು ಅದಕ್ಕೆ.

ರಕ್ತದಾನದ ಮಾತು ಬಂದಿದ್ದರಿಂದ ಇನ್ನೊಂದು ಹೇಳಿಬಿಡುತ್ತೇನೆ. ಸಂಸ್ಥೆಗಳಿಗೆ ಒಂದೇ ದಿನ ಸಾವಿರ ಜನರಿಂದ ರಕ್ತ ಕೊಡಿಸಿ ದಾಖಲೆ ಮಾಡುವ ಆಸೆ. ಆಸೆ ತಪ್ಪಲ್ಲ, ಆದರೆ ರಕ್ತ ಕೂಡಿಟ್ಟುಕೊಳ್ಳುವ ವಸ್ತುವಲ್ಲ. ಕೆಂಪು ರಕ್ತಕಣಗಳನ್ನು ಫ್ರಿಜ್‌ನಲ್ಲಿ ಇಡಬಹುದಾದದ್ದು ಸುಮಾರು 42 ದಿನ. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳಾದರೆ ಸಾಮಾನ್ಯವಾಗಿ ಐದೇ ದಿನ. ಒಂದು ಭಾನುವಾರ ಚೀಲಗಳ ರಾಶಿ ಬಿದ್ದು, ಎರಡು ತಿಂಗಳಾದ ಮೇಲೆ ಹೆರಿಗೆಯಾದ ತಾಯಿಗೆ ರಕ್ತಸ್ರಾವ ಆದಾಗ ಒಂದು ಚೀಲವೂ ಇಲ್ಲ ಅಂದರೆ ಆ ದಾಖಲೆಯಿಂದ ಏನು ಬಂತು? 2001ರ ಸೆಪ್ಟೆಂಬರ್ 11ರ ದಾಳಿಯಾದ ಮೇಲೆ ಅಮೆರಿಕದಲ್ಲಿ ಜನ ಸಾಲುಗಟ್ಟಿ ರಕ್ತ ಕೊಟ್ಟರು. ಅದರಲ್ಲಿ ಬಹಳಷ್ಟು ಬಳಕೆಯಾಗದೆ ಅವಧಿ ಮೀರಿ ಹೋಯಿತು. ರಕ್ತನಿಧಿಯವರಿಗೆ ಬೇಕಾದದ್ದು ಗಡುವು ಬಂದಾಗ ತಾನಾಗಿ ಬಂದು ಕೊಟ್ಟು ಹೋಗುವವರು.

ಅಂಥವರಲ್ಲಿ ಆಸ್ಟ್ರೇಲಿಯಾದ ಜೇಮ್ಸ್ ಹ್ಯಾರಿಸನ್ ಒಬ್ಬರು. 14ನೇ ವಯಸ್ಸಿನಲ್ಲಿ ಎದೆಯ ದೊಡ್ಡ ಶಸ್ತ್ರಚಿಕಿತ್ಸೆ ಆಗಿ ಅಪರಿಚಿತರ ರಕ್ತದಿಂದ ಬದುಕಿಕೊಂಡ ಹುಡುಗ. 1954ರಲ್ಲಿ, 18 ತುಂಬಿದ ಮೇಲೆ, ತಾನೂ ಕೊಡಲು ಶುರುಮಾಡಿದರು. ಅವರ ಪ್ಲಾಸ್ಮಾದಲ್ಲಿ, ಅಂದರೆ ರಕ್ತದ ದ್ರವ ಭಾಗದಲ್ಲಿ, ಅಪರೂಪದ ಆ್ಯಂಟಿಬಾಡಿ (ರೋಗನಿರೋಧಕ ಅಂಶ) ಇರುವುದು ಆಮೇಲೆ ಗೊತ್ತಾಯಿತು. ತಾಯಿಯ ರಕ್ತದ ಗುಂಪು ನೆಗೆಟಿವ್, ಹೊಟ್ಟೆಯಲ್ಲಿರುವ ಮಗುವಿನದು ಪಾಸಿಟಿವ್ ಆದಾಗ ಮಗುವಿಗೆ ಬರುವ ಕುತ್ತನ್ನು ತಡೆಯುವ ಆ್ಯಂಟಿ-ಡಿ ಚುಚ್ಚುಮದ್ದನ್ನು ಅದರಿಂದ ಮಾಡಿದರು. 2018ರವರೆಗೆ, ವಯಸ್ಸಿನ ಮಿತಿ ಬಂದು ಸಾಕು ಅನ್ನುವವರೆಗೆ, 1173 ಸಲ ಕೊಟ್ಟರು. ಸುಮಾರು 24 ಲಕ್ಷ ಮಕ್ಕಳಿಗೆ ಅದರಿಂದ ಉಪಕಾರವಾಯಿತು ಅಂತ ಅಲ್ಲಿಯ ರಕ್ತ ಸಂಸ್ಥೆಯ ಅಂದಾಜು. 2025ರ ಫೆಬ್ರವರಿಯಲ್ಲಿ, 88ನೇ ವಯಸ್ಸಿನಲ್ಲಿ, ನಿದ್ದೆಯಲ್ಲೇ ತೀರಿಕೊಂಡರು.

ಅವರ ಆ್ಯಂಟಿಬಾಡಿ ಎಷ್ಟು ಅಪರೂಪ ಅನ್ನುವುದನ್ನು ಎಲ್ಲರೂ ಹೇಳುತ್ತಾರೆ. ನನಗೆ ಇಷ್ಟವಾದದ್ದು ಬೇರೆ. ಆ ಮನುಷ್ಯನಿಗೆ ಸೂಜಿ ಕಂಡರೆ ಆಗುತ್ತಿರಲಿಲ್ಲ. ಚುಚ್ಚುವಾಗ ಮುಖ ಅತ್ತ ತಿರುಗಿಸಿಕೊಳ್ಳುತ್ತಿದ್ದರು. ಭಯ ಹೋಗಲಿ, ಆಮೇಲೆ ಬರ್ತೀನಿ ಅನ್ನಲಿಲ್ಲ. ಭಯ ಇಟ್ಟುಕೊಂಡೇ ಎರಡೆರಡು ವಾರಕ್ಕೆ ಬಂದು ಪ್ಲಾಸ್ಮಾ ಕೊಡಲು ತೋಳು ಚಾಚಿದರು. ಇದನ್ನು ಮಹಾತ್ಯಾಗ ಅಂತ ಕರೆದರೆ ‘ಅದು ನಮ್ಮಂಥವರಿಂದ ಆಗೋದಲ್ಲ’ ಅಂತ ಕೈತೊಳೆದುಕೊಳ್ಳಬಹುದು. ಸಮಯಕ್ಕೆ ಸರಿಯಾಗಿ ಬರುವ ಅಭ್ಯಾಸ ಅಂತ ಕರೆದು ನೋಡಿ, ಆಗ ನಮಗೂ ಬಾಧ್ಯತೆ ಬರುತ್ತದೆ.

ಈ ಕಾರಣಕ್ಕೇ ನನಗೆ ನಿಮ್ಮ ಭಾಷಣಗಳ ಬಗ್ಗೆ ತಕರಾರು. ಸೇವೆ ಮಾಡುವವರನ್ನು ದೇವರ ಪಟ್ಟಕ್ಕೆ ಏರಿಸಿಬಿಡುತ್ತೀರಿ. ದೇವರಿಗೆ ಹಸಿವಿಲ್ಲ, ಸುಸ್ತಿಲ್ಲ, ಮೊಣಕಾಲು ನೋವಿಲ್ಲ. ಕೈ ಮುಗಿದರೆ ಸಾಕು, ಜೊತೆಗೆ ಹೋಗಬೇಕಿಲ್ಲ.

ಸೂಲಗಿತ್ತಿ ನರಸಮ್ಮ ಅವರ ಹೆಸರು ನಿಮ್ಮ ಸಭೆಗಳಲ್ಲಿ ಬರುತ್ತಲೇ ಇರುತ್ತದೆ. ಪಾವಗಡ ತಾಲ್ಲೂಕಿನವರು, ಓದು ಬರಹ ಕಲಿಯದವರು, ಅಜ್ಜಿಯಿಂದ ಈ ವಿದ್ಯೆ ಕಲಿತು ದುಡ್ಡು ಮುಟ್ಟದೆ 15 ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು. 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರ್‌ನಲ್ಲಿ ತೀರಿಕೊಂಡರು. 15 ಸಾವಿರ ಅನ್ನುವ ಅಂಕಿ ಕೇಳಿದ ಕೂಡಲೇ ಚಪ್ಪಾಳೆ ಬೀಳುತ್ತದೆ. ಹೆರಿಗೆ ನೋವು ಹೊತ್ತು ನೋಡಿ ಬರುವುದಿಲ್ಲ. ಆ ಅಂಕಿಯೊಳಗೆ ಎಷ್ಟು ನಿದ್ದೆ ಕೆಟ್ಟ ರಾತ್ರಿಗಳಿವೆ ಅಂತ ಯೋಚಿಸಿದ್ದೀರಾ? ಅಷ್ಟೊಂದು ಬಾಣಂತಿಯರಿಗೆ ಒಬ್ಬ ಹೆಂಗಸಿನ ಕೈಯೇ ಯಾಕೆ ದಿಕ್ಕಾಗಬೇಕಾಯಿತು ಅಂತ?

ಕರೀಮುಲ್ ಹಕ್ ಅವರದೂ ಇದೇ ಕಥೆ. ಪಶ್ಚಿಮ ಬಂಗಾಳದ ಜಲ್ಪಾಯಿಗುರಿ ಜಿಲ್ಲೆಯ ಚಹಾ ತೋಟದ ಕಾರ್ಮಿಕ. ಆಂಬುಲೆನ್ಸ್ ಸಿಗದೆ ತಾಯಿ ತೀರಿಹೋದರು. ಮುಂದೊಮ್ಮೆ ಜೊತೆ ಕೆಲಸಗಾರ ಕುಸಿದು ಬಿದ್ದಾಗ ಅವನನ್ನು ಬೆನ್ನಿಗೆ ಕಟ್ಟಿಕೊಂಡು ಬೈಕಿನಲ್ಲೇ ಆಸ್ಪತ್ರೆಗೆ ಒಯ್ದರು. ಅಲ್ಲಿಂದ ಆ ಬೈಕೇ ಸುತ್ತಲಿನ ಹಳ್ಳಿಗಳಿಗೆಲ್ಲ ಆಂಬುಲೆನ್ಸ್ ಆಯಿತು. 2017ರಲ್ಲಿ ಅವರಿಗೂ ಪದ್ಮಶ್ರೀ. ಅವರನ್ನು ಎಷ್ಟು ಹೊಗಳಿದರೂ ಸಾಲದು, ನಿಜ. ಆದರೆ ಹೊಗಳಿ ಮುಗಿಸಿ ಎದ್ದು ಹೋದರೆ, ಆಂಬುಲೆನ್ಸ್ ಬರಬೇಕಿದ್ದ ಜಾಗದಲ್ಲಿ ಒಬ್ಬ ಕೂಲಿಯವನ ಬೈಕ್ ಬಂತು ಅನ್ನುವುದು ಯಾರಿಗೂ ಚುಚ್ಚುವುದಿಲ್ಲ. ಅಧಿಕಾರದಲ್ಲಿರುವವರಿಗೆ ಇಂಥ ಸನ್ಮಾನ ಬಹಳ ಅಗ್ಗದ ದಾರಿ. ಒಂದು ಫಲಕದ ಖರ್ಚಿನಲ್ಲಿ ಒಂದು ಇಲಾಖೆಯ ಹೊಣೆ ಮುಗಿಯುತ್ತದೆ!

ಸ್ವಲ್ಪ ಖಾರವಾಯಿತು. ಇರಲಿ, ಬಹಿರಂಗ ಪತ್ರ ಅಲ್ವಾ.

ಒಳ್ಳೆಯ ಮನಸ್ಸೊಂದಿದ್ದರೆ ಸಾಕು ಅನ್ನುವ ನಂಬಿಕೆಯನ್ನೂ ಸ್ವಲ್ಪ ಬಿಡಬೇಕು. 1859ರ ಜೂನ್‌ನಲ್ಲಿ ಇಟಲಿಯ ಸೋಲ್ಫೆರಿನೊದಲ್ಲಿ ದೊಡ್ಡ ಯುದ್ಧ ನಡೆಯಿತು. ಪಕ್ಕದ ಕಾಸ್ಟಿಲಿಯೋನೆ ಊರಿಗೆ ಸಾವಿರಾರು ಗಾಯಾಳುಗಳು ಬಂದರು. ಊರಿನ ಹೆಂಗಸರು ಚರ್ಚಿನೊಳಗೆ ಅವರನ್ನು ಮಲಗಿಸಿಕೊಂಡು ನೀರು ಕುಡಿಸಿದರು, ಗಾಯ ತೊಳೆದರು. ಇವನು ನಮ್ಮವನಾ, ಶತ್ರುವಾ ಅಂತ ನೋಡಲಿಲ್ಲ. ವ್ಯಾಪಾರದ ಕೆಲಸಕ್ಕೆ ಅಂತ ಆ ಕಡೆ ಹೋಗಿದ್ದ ಸ್ವಿಟ್ಜರ್ಲೆಂಡಿನ ಹೆನ್ರಿ ಡ್ಯುನಾಂಟ್ ಕೂಡ ಆ ಹೆಂಗಸರ ಜೊತೆ ಸೇರಿಕೊಂಡರು. ಮನಸ್ಸಿಗೆ ಅಲ್ಲಿ ಕೊರತೆ ಇರಲಿಲ್ಲ. ಇಲ್ಲದಿದ್ದದ್ದು ವೈದ್ಯರು, ಬಟ್ಟೆಪಟ್ಟಿ, ಏನು ಮಾಡಬೇಕು ಅಂತ ಮೊದಲೇ ಕಲಿತ ಕೈಗಳು. ಡ್ಯುನಾಂಟ್ ಊರಿಗೆ ಹಿಂತಿರುಗಿ ಆ ಹೆಂಗಸರನ್ನು ಹೊಗಳಿ ಸುಮ್ಮನಾಗಬಹುದಿತ್ತು. ಅವರು ಕೇಳಿದ್ದು ಬೇರೆ. ಯುದ್ಧ ಬಂದ ಮೇಲೆ ಜನರನ್ನು ಹುಡುಕುವುದಲ್ಲ, ಶಾಂತಿಯ ಕಾಲದಲ್ಲೇ ಸ್ವಯಂಸೇವಕರನ್ನು ಸೇರಿಸಿ ತಯಾರು ಮಾಡಿ ಇಟ್ಟುಕೊಳ್ಳಬೇಕು ಅಂದರು. 1863ರಲ್ಲಿ ರೆಡ್‌ಕ್ರಾಸ್ ಹುಟ್ಟಿದ್ದು ಆ ಯೋಚನೆಯಿಂದ. 1901ರಲ್ಲಿ ಮೊದಲ ನೊಬೆಲ್ ಶಾಂತಿ ಪ್ರಶಸ್ತಿಯನ್ನು ಡ್ಯುನಾಂಟ್ ಮತ್ತು ಫ್ರಾನ್ಸಿನ ಶಾಂತಿ ಕಾರ್ಯಕರ್ತ ಫ್ರೆಡ್ರಿಕ್ ಪಾಸಿ ಹಂಚಿಕೊಂಡರು. ಅಷ್ಟು ಹೊತ್ತಿಗೆ ಡ್ಯುನಾಂಟ್ ದಿವಾಳಿಯಾಗಿ, ಸ್ವಿಟ್ಜರ್ಲೆಂಡಿನ ಒಂದು ಹಳ್ಳಿಯ ಆಸ್ಪತ್ರೆಯ ಕೋಣೆಯಲ್ಲಿ ದಿನ ನೂಕುತ್ತಿದ್ದರು ಅನ್ನುವುದನ್ನೂ ಸೇರಿಸಬೇಕು.

ಕಲಿಯುವುದು ಅಂದರೆ ದೊಡ್ಡ ಕೋರ್ಸ್ ಮಾಡಬೇಕು ಅಂತಲ್ಲ. ಲಂಡನ್ನಿನಲ್ಲಿ 1953ರಲ್ಲಿ ಚಾಡ್ ವಾರಾ ಎಂಬ ಪಾದ್ರಿ, ಸಾಯಬೇಕು ಅಂದುಕೊಂಡವರಿಗಾಗಿ ಒಂದು ಫೋನ್ ಇಟ್ಟು ಸಹಾಯಕೇಂದ್ರ ತೆರೆದರು. ಅದೇ ಮುಂದೆ ಸಮಾರಿಟನ್ಸ್ ಸಂಸ್ಥೆಯಾಯಿತು. ಪಾದ್ರಿಗಳ ಹತ್ತಿರ ಮಾತಾಡಲು ಜನ ಸರದಿಯಲ್ಲಿ ಕಾಯುತ್ತಿದ್ದರು. ಕಾಯುವವರ ಜೊತೆ ಕೂರೋಕೆ, ಅವರಿಗೆ ಕುಡಿಯಲು ಏನಾದರೂ ಕೊಡೋಕೆ ಕೆಲವು ಸ್ವಯಂಸೇವಕರಿದ್ದರು. ಸ್ವಲ್ಪ ದಿನದಲ್ಲೇ ಒಂದು ವಿಷಯ ಗಮನಕ್ಕೆ ಬಂತು. ಬಹಳ ಜನರಿಗೆ ಆ ಹೊರಗಿನ ಕೋಣೆಯಲ್ಲೇ ಮನಸ್ಸು ಹಗುರಾಗುತ್ತಿತ್ತು, ಒಳಗೆ ಹೋಗುವ ಅಗತ್ಯವೇ ಬೀಳುತ್ತಿರಲಿಲ್ಲ. 1954ರ ಫೆಬ್ರವರಿಯಲ್ಲಿ ವಾರಾ ಕೇಳಿಸಿಕೊಳ್ಳುವ ಕೆಲಸವನ್ನೇ ಸ್ವಯಂಸೇವಕರಿಗೆ ಒಪ್ಪಿಸಿ ತಾವು ಹಿಂದೆ ಸರಿದರು. ತಾನು ಶುರುಮಾಡಿದ ಕೆಲಸವನ್ನು ತನಗಿಂತ ಚೆನ್ನಾಗಿ ಮಾಡುವವರಿದ್ದಾರೆ ಅಂತ ಒಪ್ಪಿಕೊಂಡ ಅಧ್ಯಕ್ಷರು ನಿಮಗೆ ಎಷ್ಟು ಜನ ಗೊತ್ತು? ನನ್ನ ಮಟ್ಟಿಗೆ ಸೇವೆಯಲ್ಲಿ ದೊಡ್ಡತನ ಅಂದರೆ ಅದು.

ಈಗ ಹೊಸಬರಿಗೆ ಒಂದು ಮಾತು. ಬೇಜಾರು ಮಾಡಿಕೊಳ್ಳಬೇಡಿ. ಹುಟ್ಟುಹಬ್ಬದ ದಿನ ಅನಾಥಾಲಯಕ್ಕೆ ಹೋಗಿ, ಮಕ್ಕಳಿಗೆ ಸಿಹಿ ಹಂಚಿ, ಪಕ್ಕದಲ್ಲಿ ನಿಲ್ಲಿಸಿಕೊಂಡು ಫೋಟೊ ತೆಗೆಸಿಕೊಂಡು ಬರುತ್ತೀರಲ್ಲ, ಆ ಮಕ್ಕಳ ಕಡೆಯಿಂದ ಒಮ್ಮೆ ನೋಡಿ. ವಾರಕ್ಕೊಬ್ಬ ಹೊಸ ಅಂಕಲ್, ಹೊಸ ಆಂಟಿ. ಎಲ್ಲರೂ ಕೆನ್ನೆ ಹಿಂಡಿ ‘ಮತ್ತೆ ಬರ್ತೀನಿ ಪುಟ್ಟಾ’ ಅನ್ನುತ್ತಾರೆ. ಹಚ್ಚಿಕೊಂಡವರು ಮತ್ತೆ ಬರುವುದಿಲ್ಲ ಅನ್ನುವ ಪಾಠವನ್ನು ಆ ಮಕ್ಕಳು ಮೊದಲೇ ಒಮ್ಮೆ ಕಲಿತಿದ್ದಾರೆ, ನಾವು ಇನ್ನೊಮ್ಮೆ ಹೇಳಿಕೊಡಬೇಕಾಗಿಲ್ಲ. ಅದರ ಬದಲು ಅಲ್ಲಿಯ ಮೇಲ್ವಿಚಾರಕರನ್ನು ಕೇಳಿ. ಗಣಿತ ಹೇಳಿಕೊಡುವವರು ಬೇಕಾಗಿರಬಹುದು. ಲೆಕ್ಕಪತ್ರ ಬರೆಯುವವರು ಬೇಕಾಗಿರಬಹುದು. ಒಂದು ವರ್ಷ, ಪ್ರತಿ ವಾರ ಅದೇ ದಿನ, ಅದೇ ಗಂಟೆಗೆ, ತಪ್ಪಿಸದೆ ಹೋಗಿ. ಲೆಕ್ಕ ಬರೆಯುವಾಗ ಫೋಟೊ ಚೆನ್ನಾಗಿ ಬರುವುದಿಲ್ಲ, ಒಪ್ಪುತ್ತೇನೆ.

ಪ್ರವಾಹ, ಭೂಕಂಪ ಆದಾಗ ಹಳೆ ಬಟ್ಟೆ ಕಳಿಸುವುದೂ ಹೀಗೆಯೇ. ಲಾರಿಗಟ್ಟಲೆ ಬಂದ ಬಟ್ಟೆ ಬಿಚ್ಚಿ, ಆರಿಸಿ, ಹರಿದದ್ದನ್ನು ಎಸೆಯುವುದರಲ್ಲೇ ಅಲ್ಲಿಯ ಕಾರ್ಯಕರ್ತರ ದಿನ ಹೋಗುತ್ತದೆ. ಏನು ಬೇಕು ಅಂತ ಕೇಳಿ ಕಳಿಸಿ, ಅಷ್ಟೇ.

ಖಜಾಂಚಿಗಳೇ, ನಿಮ್ಮನ್ನು ಮೇಲೆ ವಿಶೇಷವಾಗಿ ಕರೆದಿದ್ದು ಸುಮ್ಮನೆ ಅಲ್ಲ.

ಹರೇಕಳ ಹಾಜಬ್ಬ ಅವರು ಮಂಗಳೂರಿನಲ್ಲಿ ಕಿತ್ತಳೆ ಮಾರುತ್ತಿದ್ದರು. ವಿದೇಶಿಯರು ಇಂಗ್ಲಿಷಿನಲ್ಲಿ ಬೆಲೆ ಕೇಳಿದಾಗ ಹೇಳಲಾಗದೆ ಪೇಚಾಡಿದರು. ನನ್ನೂರಿನ ಮಕ್ಕಳಿಗೆ ಈ ಗತಿ ಬರಬಾರದು ಅಂತ ಊರಿಗೆ ಶಾಲೆ ತಂದರು. 2020ರ ಪದ್ಮಶ್ರೀ ಪಟ್ಟಿಯಲ್ಲಿ ಹೆಸರು ಬಂತು. ಭಾಷಣದಲ್ಲಿ ಇಷ್ಟು ಬರುತ್ತದೆ. ನಡುವಿನ ಭಾಗ ಬರುವುದಿಲ್ಲ. ಅನುಮತಿಗಾಗಿ, ಜಾಗಕ್ಕಾಗಿ, ಕಟ್ಟಡಕ್ಕಾಗಿ ಕಚೇರಿಯಿಂದ ಕಚೇರಿಗೆ ಅಲೆದದ್ದು. ಅಂದಂದಿನ ದುಡಿಮೆ ಅಂದಂದಿಗೆ ಅನ್ನುವ ಮನುಷ್ಯನಿಗೆ ಕಚೇರಿ ಬಾಗಿಲಲ್ಲಿ ಕಳೆದ ದಿನ ಅಂದರೆ ದುಡಿಮೆ ಇಲ್ಲದ ದಿನ. ಸೇವೆಗೆ ಸಂಬಳ ಇಲ್ಲದಿರಬಹುದು, ಖರ್ಚು ಮಾತ್ರ ಇದ್ದೇ ಇದೆ. ಮತ್ತೆ, ಅಷ್ಟು ದೊಡ್ಡ ಪ್ರಶಸ್ತಿ ಬಂದಾಗಲೂ ಹಾಜಬ್ಬ ಅವರು ತಮಗಾಗಿ ಏನೂ ಕೇಳಲಿಲ್ಲ. ಊರಿಗೆ ಪದವಿಪೂರ್ವ ಕಾಲೇಜು ಕೊಡಿ ಅಂದರು.

ನಮ್ಮ ಪಟ್ಟಿಯಲ್ಲಿದ್ದ ಕೆಲವರು ಬರುವುದು ನಿಲ್ಲಿಸಿದರು. ಮನಸ್ಸಿಲ್ಲದೆ ಅಲ್ಲ, ಎರಡು ಬಸ್ ಹತ್ತಿ ಇಳಿಯುವ ಖರ್ಚು ಕೈಗೆಟುಕದೆ. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ‘ಮನೇಲಿ ಸ್ವಲ್ಪ ಕೆಲಸ’ ಅನ್ನುತ್ತಾರೆ. ಒಂದು ಸಂಸ್ಥೆಯಲ್ಲಿ ಬಸ್ ಖರ್ಚಿನ ವಿಷಯ ಎತ್ತಿದಾಗ ‘ದುಡ್ಡು ಕೊಟ್ಟರೆ ಅದು ಸೇವೆ ಹೇಗಾಗುತ್ತೆ?’ ಅನ್ನುವ ಉತ್ತರ ಬಂತು. ಹೀಗಾದರೆ ಸೇವೆ ಮಾಡುವ ಅವಕಾಶ ಕಾರು ಇರುವವರಿಗೆ ಮಾತ್ರ ಸಿಗುತ್ತದೆ. ಬಡವರು ಯಾವಾಗಲೂ ಸಾಲಿನ ಆ ಕಡೆ, ಕೈಯೊಡ್ಡುವ ಕಡೆಯೇ ನಿಲ್ಲಬೇಕಾ? ಕಷ್ಟ ಕಂಡವರಿಗೆ ಕಷ್ಟದಲ್ಲಿರುವವರ ಹತ್ತಿರ ಹೇಗೆ ಮಾತಾಡಬೇಕು ಅಂತ ಹೇಳಿಕೊಡಬೇಕಿಲ್ಲ. ಅಂಥವರನ್ನು ಬಸ್ ಟಿಕೆಟ್ಟಿನ ದುಡ್ಡಿಗೆ ಕಳೆದುಕೊಳ್ಳುತ್ತಿದ್ದೇವೆ.

ಆದ್ದರಿಂದ ಬಸ್ ಖರ್ಚು ಕೊಡಿ. ಕೇಳಿದವರಿಗೆ ಮಾತ್ರ ಅಂತ ಇಡಬೇಡಿ, ಕೇಳುವುದಕ್ಕೇ ಸಂಕೋಚ. ಎಲ್ಲರಿಗೂ ಕೊಟ್ಟು, ಬೇಡದವರು ಡಬ್ಬಿಗೆ ಹಾಕಲಿ ಅನ್ನಿ. ಪಾಳಿಯಲ್ಲಿದ್ದಾಗ ಪೆಟ್ಟಾದರೆ ಚಿಕಿತ್ಸೆ ಯಾರದು ಅಂತ ಮೊದಲೇ ಬರೆದಿಡಿ, ಸಾಧ್ಯವಾದರೆ ಒಂದು ವಿಮೆ ಮಾಡಿಸಿ. ಫಲಕದ ಬಾಬ್ತು ಎಷ್ಟಿದೆ ಅಂತ ಒಮ್ಮೆ ಪುಸ್ತಕ ತೆಗೆದು ನೋಡಿ, ದುಡ್ಡು ಅಲ್ಲೇ ಸಿಗಬಹುದು.

ಕಾರ್ಯದರ್ಶಿಗಳಿಗೆ ನನ್ನ ಕೋರಿಕೆ ರಜೆಯ ಬಗ್ಗೆ. ತಪ್ಪದೆ ಬರುವವರನ್ನೇ ನಾವು ಮತ್ತೆ ಮತ್ತೆ ಕರೆಯುತ್ತೇವೆ. ಅವರು ಇಲ್ಲ ಅನ್ನುವುದಿಲ್ಲ ಅಂತ ಗೊತ್ತಲ್ಲ. ಕಾಯಿಲೆಯವರ ಹಾಸಿಗೆಯ ಪಕ್ಕ, ಸಾವಿನ ಮನೆಗಳಲ್ಲಿ ವರ್ಷಗಟ್ಟಲೆ ಕೂತವರು ಒಂದು ದಿನ ಸುಮ್ಮನೆ ಮಾಯವಾಗುತ್ತಾರೆ. ಫೋನ್ ಎತ್ತುವುದಿಲ್ಲ. ಮನಸ್ಸು ದಣಿದಿರುತ್ತದೆ. ಅವರಾಗಿ ಕೇಳುವ ಮೊದಲೇ ‘ಈ ಎರಡು ತಿಂಗಳು ನೀವು ಬರಬೇಡಿ’ ಅಂತ ಹೇಳುವ ವ್ಯವಸ್ಥೆ ಇರಲಿ. ಹಾಗೆ ಹೇಳಬೇಕಾದರೆ ಬದಲಿಗೆ ಇನ್ನೊಬ್ಬರು ತಯಾರಿರಬೇಕು. ಆಕಳಿಕೆ ಕಂಡರೆ ಎಚ್ಚರ ಅನ್ನುವುದು ಈಗ ಅಮ್ಮನ ತಲೆಯಲ್ಲಿ ಮಾತ್ರ ಇದೆ, ನಮ್ಮ ಯಾವ ಕಡತದಲ್ಲೂ ಇಲ್ಲ. ಹಳಬರ ಪಕ್ಕ ಹೊಸಬರನ್ನು ನಿಲ್ಲಿಸಿ. ಅವರು ಏನು ಮಾಡುತ್ತಾರೆ ಅಂತ ಬರೆಸಿಕೊಳ್ಳಿ. ನನ್ನ ಕೇಳಿದರೆ ಆ ಬರಹಕ್ಕಿಂತ ದೊಡ್ಡ ಸನ್ಮಾನ ಬೇರೆ ಬೇಡ.

ವರ್ಷದ ಕೊನೆಯ ಸಮಾರಂಭ ಹೇಗೂ ಮಾಡುತ್ತೀರಿ. ಮಾಡಿ, ನಾವೂ ಬರುತ್ತೇವೆ. ಹೆಸರುಗಳ ಜೊತೆಗೆ ಖಾಲಿ ಇರುವ ಪಾಳಿಗಳನ್ನೂ ಮೈಕಿನಲ್ಲಿ ಓದಿ. ಗುರುವಾರ ಮಧ್ಯಾಹ್ನ ಡಯಾಲಿಸಿಸ್ ವಾರ್ಡಿನಲ್ಲಿ ಜೊತೆಗೆ ಕೂರೋಕೆ ಇಬ್ಬರು. ಕಣ್ಣು ಕಾಣದ ವಿದ್ಯಾರ್ಥಿಗೆ ಪರೀಕ್ಷೆ ಬರೆಯಲು ಒಬ್ಬರು. ಶಿಬಿರದಲ್ಲಿ ಕುರ್ಚಿಗಳ ಹತ್ತಿರ ನಿಲ್ಲೋಕೆ ಒಬ್ಬರು. ಮುಖ್ಯ ಅತಿಥಿಗಳು ಒಂದು ಪಾಳಿಗೆ ಹೆಸರು ಕೊಟ್ಟು ಭಾಷಣ ಶುರುಮಾಡಿದರೆ ಇನ್ನೂ ಒಳ್ಳೆಯದು.

ಈ ಪತ್ರಕ್ಕೆ ಉತ್ತರ ಬರೆಯುವವರು ಬಸ್ ಖರ್ಚಿನ ವಿಷಯ ಮೊದಲು ಬರೆಯಿರಿ. ಹೊಗಳಿಕೆ, ತೆಗಳಿಕೆ ಆಮೇಲೆ ನೋಡೋಣ.

ಇಂತಿ,
ಪಾಳಿ ಪಟ್ಟಿ ಬರೆಯುವ ಒಬ್ಬ ಸ್ವಯಂಸೇವಕ